ಜ್ವರವೆಂದು ಬರೆದ ರಜೆ

ಬೆಳಗಿನ ಜಾವ ನಾಲ್ಕಕ್ಕೇ ಸೊಂಟದಿಂದ ತೊಡೆಯವರೆಗೆ ಹಬ್ಬಿದ ನೋವಿಗೆ ಎಚ್ಚರಗೊಂಡು, ಬಿಸಿನೀರಿನ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಇದನ್ನು ಬರೆಯುತ್ತಿದ್ದೇನೆ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಅಂಡಾಶಯ, ಕರುಳು, ಮೂತ್ರಕೋಶಗಳಂಥ ಕಡೆ ಬೆಳೆದು, ಹಾರ್ಮೋನಿನ ಏರಿಳಿತಕ್ಕೆ ಸ್ಪಂದಿಸುತ್ತ ಉರಿಯೂತವನ್ನುಂಟುಮಾಡುವ ಈ ಎಂಡೊಮೆಟ್ರಿಯೋಸಿಸ್, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನೋತ್ಪತ್ತಿ ವಯಸ್ಸಿನ ಸುಮಾರು ಶೇ. 10ರಷ್ಟು ಮಹಿಳೆಯರನ್ನು ಕಾಡುತ್ತದೆ. ಸ್ಕ್ಯಾನಿಂಗ್ ವರದಿಯು ‘ಎಲ್ಲವೂ ಸರಿಯಾಗಿದೆ’ ಎಂದಾಗ ನನಗೆ ಸಮಾಧಾನಕ್ಕಿಂತ ಅವಮಾನವೇ ಹೆಚ್ಚಾಗಿತ್ತು. ಇಂಥ ಅಂಗಾಂಶದ ಸಣ್ಣ ತುಣುಕುಗಳು ಅದರಲ್ಲಿ ಕಾಣದೆಯೂ ಹೋಗಬಹುದೆಂದು ಆಗ ಯಾರೂ ಹೇಳಿರಲಿಲ್ಲ. ಒಂದು ಮಗುವಾದರೆ ಎಲ್ಲ ಸರಿಹೋಗುತ್ತದೆ ಎಂಬ ಹಿರಿಯರ ಮಾತನ್ನು (ಮಗು ಔಷಧವಲ್ಲ) ಈಗ ನಗುತ್ತಲೇ ಕೇಳುತ್ತೇನೆ. ಆದರೆ ಕಚೇರಿಗೆ ರಜೆಯ ಪತ್ರ ಬರೆಯುವಾಗ ಮಾತ್ರ ಇಂದಿಗೂ ಕಾರಣದ ಜಾಗದಲ್ಲಿ ‘ಜ್ವರ’ ಎಂದೇ ನಮೂದಿಸುತ್ತೇನೆ.