ಬಿಳಿ ಕಲೆ ಚಿಕ್ಕದಾಗಿದ್ದು ಔಷಧಿಯಿಂದ ಅಲ್ಲ

ಆಪರೇಷನ್ ಮಾಡಿ ಸ್ಟ್ರೋಕ್ ತರಿಸಿದ ಇಲಿಗಳ ಮಿದುಳಿನ ಸ್ಲೈಸ್‌ಗಳನ್ನು ಟಿಟಿಸಿಯಿಂದ ಎತ್ತಿ ಸಾಲಾಗಿ ಜೋಡಿಸಿದೆ. ಟಿಟಿಸಿ ಅಂದರೆ ಜೀವ ಇರೋ ಭಾಗವನ್ನು ಕೆಂಪು ಮಾಡೋ ಬಣ್ಣ, ಸತ್ತ ಭಾಗ ಬಿಳಿಯಾಗೇ ಉಳಿಯುತ್ತದೆ. ವೆಹಿಕಲ್ (ಔಷಧಿ ಇಲ್ಲದ ಬರೀ ದ್ರಾವಣ) ಕೊಟ್ಟ ಇಲಿಗಳ ಮಿದುಳಲ್ಲಿ ಒಂದು ಪಕ್ಕ ಸುಣ್ಣ ಬಳಿದ ಹಾಗೆ ಬಿಳಿ. ಪಾರ್ಪ್ ಇನ್‌ಹಿಬಿಟರ್ (ಪಾರ್ಪ್ ಅನ್ನೋ ಎಂಜೈಮನ್ನು ತಡೆಯೋ ಔಷಧಿ) ಕೊಟ್ಟವುಗಳಲ್ಲಿ ಬಿಳಿ ಹೆಸರುಕಾಳಿನಷ್ಟೇ, ಉಳಿದದ್ದೆಲ್ಲ ಕೆಂಪು. ನನಗೆ ಕಣ್ಣು ತುಂಬಿ ಬಂತು. ನಮ್ಮಜ್ಜಿಗೆ ಸ್ಟ್ರೋಕ್ ಆದಾಗ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕ್ಲಾಟ್ ಕರಗಿಸೋ ಇಂಜೆಕ್ಷನ್ನಿನ 4.5 ಗಂಟೆ ದಾಟಿತ್ತು. ಅಂಥವರಿಗೂ ಏನಾದರೂ ಇರಲಿ ಅಂತಲೇ ಈ ಕೆಲಸಕ್ಕೆ ಬಂದವಳು ನಾನು. ಆ ರಾತ್ರಿಯೇ ಮೇಡಂಗೆ ಮೇಲ್ ಹಾಕಿದೆ.

ಪಾರ್ಪ್ ಕೆಟ್ಟ ಎಂಜೈಮ್ ಏನಲ್ಲ. ಡಿಎನ್‌ಎ ಮುರಿದರೆ ರಿಪೇರಿಗೆ ಓಡುತ್ತದೆ. ಸ್ಟ್ರೋಕ್‌ನಲ್ಲಿ ಮಾತ್ರ ಮಿತಿಮೀರಿ ದುಡಿದು ಕೋಶದ ಶಕ್ತಿಗೆ ಬೇಕಾದ ಎನ್‌ಎಡಿ ಅನ್ನೋ ಅಣುವನ್ನೆಲ್ಲ ಖಾಲಿ ಮಾಡುತ್ತದೆ, ಕೋಶ ಸಾಯುತ್ತದೆ. ಆ ಜೀನ್ ತೆಗೆದ ಇಲಿಗಳಲ್ಲಿ ಹಾನಿ ಕಡಿಮೆ ಅಂತ 1997ರಲ್ಲೇ ತೋರಿಸಿದ್ದಾರೆ. ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ.

ಮರುದಿನ ಆನಿಮಲ್ ಹೌಸ್ ಅಣ್ಣ ಕೇಳಿದರು: "ಏನಮ್ಮಾ, ಸಾಯಂಕಾಲದ ಇಲಿಗಳು ಮುಟ್ಟಿದ್ರೆ ಅಷ್ಟು ತಣ್ಣಗಿದ್ವಲ್ಲ, ಏನಾಗಿತ್ತು?"

ಎದೆ ಧಸಕ್ಕೆಂದಿತು. ಔಷಧಿ ಕರಗಿಸಿ ರೆಡಿ ಮಾಡುವಷ್ಟರಲ್ಲಿ ಮಧ್ಯಾಹ್ನ ಆಗುತ್ತಿತ್ತು. ಅದಕ್ಕೆ ಬೆಳಗ್ಗೆ ವೆಹಿಕಲ್, ಸಾಯಂಕಾಲ ಔಷಧಿ ಅಂತ ನಾನೇ ಇಟ್ಟುಕೊಂಡಿದ್ದೆ. ಹೀಟಿಂಗ್ ಪ್ಯಾಡ್ ಒಂದೇ. ಅದು ಆಪರೇಷನ್ ಟೇಬಲ್‌ಗೆ ಮತ್ತು ಬೆಳಗಿನ ಇಲಿಗಳಿಗೆ. ಎರಡನೆಯದಕ್ಕೆ ಇಂಡೆಂಟ್ ಹಾಕಿ ಮೂರು ತಿಂಗಳಾಗಿತ್ತು, ಸ್ಟೋರ್‌ನವರು "ಮುಂದಿನ ಕ್ವಾರ್ಟರ್" ಅನ್ನುತ್ತಲೇ ಇದ್ದರು. ಸಾಯಂಕಾಲದವನ್ನು ಟವೆಲ್ ಸುತ್ತಿ ಎಸಿ ಕೆಳಗಿನ ಶೆಲ್ಫಲ್ಲಿಟ್ಟು ಹೋಗುತ್ತಿದ್ದೆ. ಎರಡು ಗಂಟೆ ತಣ್ಣಗಿದ್ದರೆ ಏನಾಗುತ್ತೆ ಅಂದುಕೊಂಡಿದ್ದೆ. ಟೆಂಪರೇಚರ್ ಶೀಟ್ ತೆಗೆದು ನೋಡಿದೆ. ಆಪರೇಷನ್ ಮುಗಿಯೋ ತನಕ 37. ಆಮೇಲೆ ಖಾಲಿ ಕಾಲಂ.

ಆವತ್ತು ಬರೀ ವೆಹಿಕಲ್ ಕೊಟ್ಟ ಒಂದು ಇಲಿಯನ್ನು ಅದೇ ಶೆಲ್ಫಲ್ಲಿಟ್ಟು, ಪ್ರೋಬ್ ಹಾಕಿ ಕೂತೆ. 36.6. ಹತ್ತು ನಿಮಿಷಕ್ಕೆ 35.9. ಇಳಿಯೋದು ನಿಲ್ಲಲಿ ಅಂತ ಮನಸ್ಸಲ್ಲೇ ಬೇಡಿಕೊಳ್ಳುತ್ತಿದ್ದೆ. 35.1. ನಲವತ್ತನೇ ನಿಮಿಷಕ್ಕೆ 33.8. ಮರುದಿನ ಅದರ ಸ್ಲೈಸಲ್ಲೂ ಬಿಳಿ ಹೆಸರುಕಾಳಿನಷ್ಟೇ ಇತ್ತು.

ಮೈ ತಣ್ಣಗಾದರೆ ಮಿದುಳು ಜಾಸ್ತಿ ಉಳಿಯುತ್ತೆ ಅನ್ನೋದು ನನಗೆ ಗೊತ್ತಿಲ್ಲದ್ದೇನಲ್ಲ. ಜರ್ಬಿಲ್ ಅನ್ನೋ ಇಲಿಯಂಥ ಪ್ರಾಣಿಗಳಲ್ಲಿ ಎಂಕೆ-801 ಅನ್ನೋ ಔಷಧಿ ಮಿದುಳು ಉಳಿಸಿದ್ದು ಮೈ ತಣ್ಣಗಾಗಿದ್ದರಿಂದ ಅಂತ 1990ರಲ್ಲೇ ಒಂದು ಪೇಪರ್ ಬಂದಿದೆ. ಅದರಲ್ಲಿ ಆ ಸಾಲಿಗೆ ನಾನೇ ಗೆರೆ ಎಳೆದಿಟ್ಟಿದ್ದೆ. ಆದರೂ ಆ ಸ್ಲೈಸ್ ನೋಡಿದಾಗ ನೆನಪಾಗಲಿಲ್ಲ, ಯಾಕೆಂದರೆ ಫಲಿತಾಂಶ ನನಗೆ ಬೇಕಾದ ಹಾಗೇ ಇತ್ತು.

ಮೇಡಂ ರೂಮಿಗೆ ಹೋಗಿ ಹೇಳಿದೆ. ಬೈಯಲಿಲ್ಲ. "ಮೊದಲಿಂದ ಮಾಡು" ಅಂದರು. ಅಷ್ಟೂ ಇಲಿಗಳ ಜೀವ ಸುಮ್ನೆ ಹೋಯಿತಲ್ಲ ಅನ್ನೋದು ಇವತ್ತಿಗೂ ಚುಚ್ಚುತ್ತದೆ. ಮತ್ತೆ ಮಾಡಿದಾಗ ಎಲ್ಲವನ್ನೂ 37ರಲ್ಲೇ ಇಟ್ಟೆವು. ಮೊದಲು ಕಂಡ ವ್ಯತ್ಯಾಸದಲ್ಲಿ ಮುಕ್ಕಾಲು ಪಾಲು ಹೋಗಿಯೇ ಬಿಟ್ಟಿತು. ಉಳಿದ ಕಾಲು ಪಾಲು ನಿಜವಾ ಅಂತ ಈಗ ಹೆಚ್ಚು ಇಲಿಗಳಲ್ಲಿ ನೋಡುತ್ತಿದ್ದೇವೆ.

ಪ್ಯಾಡ್ ಕೊನೆಗೆ ಎಂಟನೇ ತಿಂಗಳಿಗೆ ಬಂತು. ಈಗ ವಯಲ್ ಮೇಲೆ ಬರೀ ನಂಬರ್. ಯಾವುದರಲ್ಲಿ ಔಷಧಿ ಇದೆ ಅನ್ನೋ ಪಟ್ಟಿ ಅಣ್ಣನ ಬೀರುವಿನಲ್ಲಿದೆ. ಕೊನೆಯ ಸ್ಲೈಸ್ ಅಳೆಯೋ ತನಕ ಅವರು ಬಾಯಿ ಬಿಡುವುದಿಲ್ಲ.