ಹೆಸರು ಹಿಡಿದು ಕೇಳುವುದು

ನಾನು ಹುಬ್ಬಳ್ಳಿಯ ಒಂದು ಡಯಾಲಿಸಿಸ್ ಯೂನಿಟ್‌ನಲ್ಲಿ ಸ್ಟಾಫ್ ನರ್ಸ್. ಬೇರೆ ವಾರ್ಡಿಗೆ ರೋಗಿಗಳು ಬರುತ್ತಾರೆ, ಗುಣವಾಗಿ ಮನೆಗೆ ಹೋಗುತ್ತಾರೆ. ಅವರ ಮುಖ ನಿಧಾನಕ್ಕೆ ಮರೆತುಹೋಗುತ್ತದೆ. ನಮ್ಮಲ್ಲಿ ಹಾಗಲ್ಲ. ವಾರಕ್ಕೆ ಎರಡು ಸಲವೋ ಮೂರು ಸಲವೋ, ಪ್ರತಿ ಸಲ ನಾಲ್ಕು ತಾಸು, ವರ್ಷಗಟ್ಟಲೆ ಅದೇ ಜನ ಬರುತ್ತಾರೆ. ಕುಂದಗೋಳ, ಕಲಘಟಗಿ, ನವಲಗುಂದ ಕಡೆಯಿಂದ ಬಸ್ಸು ಹಿಡಿದು ಬರುವವರು. ಮಕ್ಕಳ ಮದುವೆ, ಮಳೆ ಬೆಳೆ, ಸಾಲ, ಎಲ್ಲ ಸುದ್ದಿಯೂ ಆ ಹಾಸಿಗೆಯ ಮೇಲೆಯೇ. ಕಿಡ್ನಿ ಪೂರ್ತಿ ಸೋತವರಿಗೆ ಕಸಿ ಆಗುವವರೆಗೆ, ಇಲ್ಲವೇ ಬದುಕಿರುವವರೆಗೆ ರಕ್ತ ಶುದ್ಧ ಮಾಡುವ ಈ ಯಂತ್ರವೇ ಕಿಡ್ನಿ. ಹೀಗಿರುವಾಗ "ಬೇಗ ಗುಣವಾಗಿ" ಅಂತ ಹಾರೈಸುವುದಕ್ಕೂ ಬಾಯಿ ಬರುವುದಿಲ್ಲ.

ಈ ಜಾಗದಲ್ಲಿ ನಿಂತು ಪ್ರಾರ್ಥನೆಯ ಬಗ್ಗೆ ಕಲಿತದ್ದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಹೊಸದಾಗಿ ಸೇರುವ ಹುಡುಗಿಯರು ಕೇಳುತ್ತಲೂ ಇರುತ್ತಾರೆ, "ಅಕ್ಕಾ, ಇಷ್ಟೊಂದು ನೋವು ದಿನಾ ನೋಡಿಕೊಂಡು ನೀವು ಹೇಗೆ ಇದ್ದೀರಿ" ಅಂತ.

ನಮ್ಮದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಕ್ರೈಸ್ತ ಮನೆತನ. ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಅಲ್ಲಿಂದ ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿಗೂ ಬಂದರು. ಆ ಸಭೆಯಲ್ಲೇ ಬೆಳೆದವರು ನಾವು. ಸಂಜೆ ಮನೆ ಪ್ರಾರ್ಥನೆ ಆಗದೆ ಊಟಕ್ಕೆ ಕೂತ ನೆನಪು ನನಗಿಲ್ಲ. ಹಾಗಾಗಿ ಪ್ರಾರ್ಥನೆ ನನಗೆ ಹೊಸದಲ್ಲ. ಅದು ನಿಂತುಹೋದದ್ದೇ ಹೊಸದು.

ನನ್ನ ಗಂಡ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆಯಲ್ಲಿ. ಆಗ ಹಾಸಿಗೆ, ಆಕ್ಸಿಜನ್ ಎರಡಕ್ಕೂ ಜನ ಹೇಗೆ ಅಲೆದರು ಅನ್ನುವುದು ನಿಮಗೂ ನೆನಪಿರುತ್ತದೆ ಅಲ್ವಾ? ನಾವೂ ಆಂಬುಲೆನ್ಸ್‌ನಲ್ಲಿ ಕೂತು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದೆವು. ಹಾಸಿಗೆ ಸಿಕ್ಕಿತು, ತಡವಾಗಿ. ಆಮೇಲೆ ಮನೆಗೆ ಬಂದವರು "ದೇವರ ಚಿತ್ತ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೆ ಆ ಮಾತು ಕೇಳಿದಾಗೆಲ್ಲ ಎದೆಯಲ್ಲಿ ಏನೋ ಗಟ್ಟಿಯಾಗುತ್ತಿತ್ತು. "ಕರ್ತನೇ" ಅಂತ ಶುರು ಮಾಡಿದರೆ ಮುಂದೆ ಮಾತು ಬರುತ್ತಿರಲಿಲ್ಲ. ರಜೆ ಮುಗಿಸಿ ಕೆಲಸಕ್ಕೆ ಬಂದೆ. ಆಕ್ಸಿಜನ್ ಬಾಟಲಿಯ ನೀರು ಗುಳುಗುಳು ಅನ್ನುವ ಸದ್ದು ಕೇಳಿದರೆ ಕೈ ತಣ್ಣಗಾಗುತ್ತಿತ್ತು. ರಾತ್ರಿ ನಿದ್ದೆ ಇರಲಿಲ್ಲ.

ಆಗ ನಮ್ಮಲ್ಲಿಗೆ ಒಬ್ಬ ಮುಸ್ಲಿಂ ಹೆಂಗಸು ಬರುತ್ತಿದ್ದರು, ಅವರನ್ನು ಖಾಲಾ ಅನ್ನುತ್ತಿದ್ದೆವು. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೋಗಿತ್ತು, ಕಣ್ಣೂ ಮಂಜಾಗಿತ್ತು. ಒಂದಿನ ನಾನು ಲೈನ್, ಅಂದರೆ ರಕ್ತ ಹರಿಯುವ ನಳಿಕೆ, ಜೋಡಿಸುತ್ತಿದ್ದಾಗ ಕೇಳಿದರು, "ಯಾಕವ್ವಾ ಸಿಸ್ಟರ್, ನಿನ್ನ ದನಿ ಹಿಂಗ್ಯಾಕ ಸಣ್ಣಾಗೇತಿ?" ಹೇಳಿದೆ. ಅವರು ಸಮಾಧಾನದ ಮಾತು ಒಂದೂ ಆಡಲಿಲ್ಲ. "ನಿನ್ನ ಹೆಸರ ಏನು?" ಅಂತ ಕೇಳಿದರು. ಎಷ್ಟೋ ತಿಂಗಳಿಂದ ಸಿಸ್ಟರ್ ಅಂತಲೇ ಕರೆಯುತ್ತಿದ್ದವರು.

"ಹೆಸರ್ಯಾಕ ಖಾಲಾ?"

"ದುವಾದಾಗ ಹೆಸರ ಹಿಡದ ಕೇಳಬೇಕವ್ವಾ. ಯಾರೋ ಒಬ್ಬಾಕಿ ಸಿಸ್ಟರ್ ಅಂತ ಹೆಂಗ ಕೇಳ್ಲಿ?"

ಅವತ್ತು ಸಂಜೆ ಮನೆಯಲ್ಲಿ ನಾನೂ ಅವರ ಹೆಸರು ಹಿಡಿದು ಕೇಳಿದೆ. ಅವರ ಫಿಸ್ಟುಲಾ ಆಗಷ್ಟೇ ತೊಂದರೆ ಕೊಡಲು ಶುರು ಮಾಡಿತ್ತು. "ಕರ್ತನೇ, ಆ ಕೈ ಕೆಡದಿರಲಿ." ಅಷ್ಟೇ. ನನಗಾಗಿ ಒಂದು ಮಾತೂ ಹೊರಡದ ಬಾಯಿಂದ ಅವರಿಗಾಗಿ ಸಲೀಸಾಗಿ ಹೊರಟಿತು. ಮರುದಿನ ಇನ್ನೊಬ್ಬರ ಹೆಸರು ಸೇರಿತು. ಹಾಗೇ ಬೆಳೆಯಿತು.

ಫಿಸ್ಟುಲಾ ಅಂದರೇನು ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ. ಕೈಯಲ್ಲಿ ಒಂದು ಅಪಧಮನಿಯನ್ನು ಅಭಿಧಮನಿಗೆ ಹೊಲಿದು ಜೋಡಿಸಿರುತ್ತಾರೆ. ಕೆಲವು ವಾರಗಳಲ್ಲಿ ಆ ಅಭಿಧಮನಿ ಉಬ್ಬಿ ದಪ್ಪಗಾಗುತ್ತದೆ, ದಪ್ಪ ಸೂಜಿ ತಡೆಯುವಷ್ಟು ಗಟ್ಟಿಯಾಗುತ್ತದೆ. ಪ್ರತಿ ಸಲ ಚುಚ್ಚುವ ಮುಂಚೆ ಅದರ ಮೇಲೆ ಬೆರಳಿಟ್ಟು ನೋಡಬೇಕು. ಒಳಗೆ ಝುಮ್ಮನೆ ನಡುಗುತ್ತಿರಬೇಕು. ಅದಕ್ಕೆ ನಾವು ಥ್ರಿಲ್ ಅನ್ನುತ್ತೇವೆ. ಥ್ರಿಲ್ ಸಿಗಲಿಲ್ಲ ಅಂದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಆಗ ಚುಚ್ಚುವಂತಿಲ್ಲ, ಡಾಕ್ಟರಿಗೆ ಹೇಳಬೇಕು. ಬೆರಳು ಅಲ್ಲಿರುವ ಆ ಹೊತ್ತಿನಲ್ಲೇ ನಾನು ಮನಸ್ಸಿನಲ್ಲಿ ಹೆಸರು ಹಿಡಿಯುತ್ತೇನೆ. ಬೇರೆ ಸಮಯ ಬೇಕಾಗುವುದಿಲ್ಲ. ಕಣ್ಣು ಮುಚ್ಚುವ ಮಾತೇ ಇಲ್ಲ. ಪಂಪು ನಿಮಿಷಕ್ಕೆ 300 ಎಂ.ಎಲ್. ಹತ್ತಿರ ರಕ್ತ ಎಳೆದು ತಿರುಗಿಸುತ್ತಿರುತ್ತದೆ. ರಕ್ತ ವಾಪಸ್ ಹೋಗುವ ಸೂಜಿ ಜಾರಿದರೆ ಕೆಲವೇ ನಿಮಿಷಗಳಲ್ಲಿ ಜೀವಕ್ಕೆ ಅಪಾಯ. ಇಲ್ಲಿ ಪ್ರಾರ್ಥಿಸುವವರ ಕಣ್ಣು ಲೈನಿನ ಮೇಲೆಯೇ ಇರಬೇಕು.

ಏನು ಕೇಳುತ್ತೇನೆ? ಚಿಕ್ಕ ಚಿಕ್ಕ ಸಂಗತಿ. ಸೂಜಿ ಒಂದೇ ಸಲಕ್ಕೆ ಕೂರಲಿ. ಮೂರನೇ ತಾಸಿಗೆ ಬಿಪಿ ಬೀಳದಿರಲಿ. ಇವರ ಮೀನಖಂಡ ಇವತ್ತು ಸೆಳೆಯದಿರಲಿ. ಕಲಘಟಗಿ ಬಸ್ಸಿನಲ್ಲಿ ಕೂರಲು ಸೀಟು ಸಿಗಲಿ. ಆದರೆ ಇಷ್ಟು ಕೇಳಬೇಕು ಅಂದರೂ ಮೊದಲು ಗೊತ್ತಿರಬೇಕು. ಯಾರಿಗೆ ಯಾವ ತಾಸಿನಲ್ಲಿ ಸೆಳೆತ ಬರುತ್ತದೆ? ಯಾರು ಒಬ್ಬರೇ ಬಸ್ಸಿನಲ್ಲಿ ಹೋಗುತ್ತಾರೆ? ನನ್ನ ಕೆಲಸ ಬದಲಾದದ್ದು ಇಲ್ಲಿಂದಲೇ ಅಂತ ಹೇಳುತ್ತೇನೆ. ಪ್ರಾರ್ಥನೆಗಾಗಿ ಕೇಳಲು ಹೋಗಿ ಮನುಷ್ಯರ ವಿಷಯ ತಿಳಿಯುತ್ತಾ ಹೋಯಿತು.

ಒಬ್ಬ ಅಣ್ಣ ಪ್ರತಿ ಸಲ ನಾಲ್ಕು ಕೆ.ಜಿ. ತೂಕ ಏರಿಸಿಕೊಂಡು ಬರುತ್ತಿದ್ದ. ಕುಡಿದ ನೀರೆಲ್ಲ ಮೈಯಲ್ಲೇ ಉಳಿಯುತ್ತದೆ, ಅದನ್ನು ನಾಲ್ಕು ತಾಸಿನಲ್ಲಿ ತೆಗೆಯಲು ಹೋದರೆ ಬಿಪಿ ಬೀಳುತ್ತದೆ. ನೀರು ಕಡಿಮೆ ಕುಡಿ ಅಂತ ಎಲ್ಲರೂ ಬೈಯುವವರೇ. ಒಂದಿನ ಅವನ ಪಕ್ಕ ಕೂತು ದಿನವಿಡೀ ಏನು ಕೆಲಸ ಅಂತ ಕೇಳಿದೆ. ಮಿರ್ಚಿ ಭಜಿ ಅಂಗಡಿಯಲ್ಲಿ ಕಾದ ಎಣ್ಣೆ ಬಾಣಲೆಯ ಮುಂದೆ ಬೆಳಗಿನಿಂದ ನಿಲ್ಲುತ್ತಿದ್ದ. ನಡುನಡುವೆ ಉಪ್ಪು ಖಾರದ ಭಜಿಯನ್ನೇ ತಿನ್ನುತ್ತಿದ್ದ. ಬಾಯಾರದೆ ಇರುತ್ತದೆಯೇ? ಅವನ ಹೆಂಡತಿಯನ್ನು ಕರೆಸಿ ಮಾತಾಡಿದೆವು. ಬಾಣಲೆಯ ಮುಂದಿನ ಕೆಲಸ ತಮ್ಮನಿಗೆ ಹೋಯಿತು, ಇವನು ಗಲ್ಲೆಗೆ ಕೂತ. ಉಪ್ಪು ಇಳಿಸಿದ, ಇಡೀ ದಿನದ ನೀರನ್ನು ಒಂದೇ ಬಾಟಲಿಯಲ್ಲಿ ಅಳೆದಿಟ್ಟುಕೊಂಡ. ತೂಕ ಇಳಿಯಿತು. ಇದನ್ನು ಪ್ರಾರ್ಥನೆಗೆ ಸಿಕ್ಕ ಉತ್ತರ ಅಂತಲೇ ನಾನು ನಂಬುತ್ತೇನೆ.

ಇನ್ನೊಬ್ಬರು ಲಿಂಗಾಯತ ಅಜ್ಜ. ಫಿಸ್ಟುಲಾವನ್ನು ಸಾಮಾನ್ಯವಾಗಿ ಹೆಚ್ಚು ಬಳಸದ ಕೈಗೆ ಮಾಡುತ್ತಾರೆ, ಅಂದರೆ ಬಹಳ ಜನರಿಗೆ ಎಡಗೈಗೆ. ಇಷ್ಟಲಿಂಗವನ್ನು ಇಟ್ಟು ಪೂಜಿಸುವುದೂ ಎಡಗೈ ಅಂಗೈಯಲ್ಲೇ. ಬೆಳಗಿನ ಮೊದಲ ಶಿಫ್ಟಿಗೆ ಬರಲು ಅಜ್ಜ ಕತ್ತಲಲ್ಲೇ ಊರು ಬಿಡುತ್ತಿದ್ದರು. ಬಂದ ಕೂಡಲೇ ನಾವು ಅದೇ ಕೈಯನ್ನು ಯಂತ್ರಕ್ಕೆ ಕಟ್ಟುತ್ತಿದ್ದೆವು. ಅವರು ಏನೂ ಹೇಳುತ್ತಿರಲಿಲ್ಲ, ಆದರೆ ನಾಲ್ಕು ತಾಸೂ ಚಡಪಡಿಕೆ. ಕಾರಣ ಗೊತ್ತಾದ ಮೇಲೆ ಅವರ ಸರದಿಯನ್ನು ಶಿಫ್ಟಿನ ಕೊನೆಗೆ ಹಾಕಿದೆವು. ನಾವು ಉಳಿದವರನ್ನು ಯಂತ್ರಕ್ಕೆ ಹಚ್ಚುವಷ್ಟರಲ್ಲಿ ಅವರು ಮೂಲೆಯ ಕುರ್ಚಿಯಲ್ಲಿ ಪೂಜೆ ಮುಗಿಸುತ್ತಿದ್ದರು. ಆಮೇಲೆ ವಿಭೂತಿ ಹೋಗುವಂತೆ ಕೈಯನ್ನು ಸೋಪು ಹಾಕಿ ತೊಳೆದುಕೊಂಡು ಬರುತ್ತಿದ್ದರು. ಇನ್‌ಫೆಕ್ಷನ್ ವಿಷಯದಲ್ಲಿ ಮಾತ್ರ ಯಾರಿಗೂ ಸಡಿಲ ಬಿಡುವಂತಿಲ್ಲ, ಅದನ್ನು ಅವರು ನಮಗಿಂತ ಜಾಸ್ತಿ ಪಾಲಿಸುತ್ತಿದ್ದರು.

ನಾನು ಪ್ರಾರ್ಥಿಸುತ್ತಿದ್ದೇನೆ ಅಂತ ರೋಗಿಗಳಿಗೆ ಹೇಳುವುದಿಲ್ಲ. ಅವರಾಗಿ ಕೇಳಿದರೆ ಮಾತ್ರ. ಇದಕ್ಕೆ ಎರಡು ಕಾರಣ. ನಾನು ನರ್ಸ್, ಸೂಜಿ ನನ್ನ ಕೈಯಲ್ಲಿದೆ. ಹಾಸಿಗೆಗೆ ಕಟ್ಟಿಕೊಂಡ ಮನುಷ್ಯ ನನಗೆ "ಬೇಡ" ಅನ್ನಲಾರ. ಅಂಥವರ ಮೇಲೆ ನನ್ನ ನಂಬಿಕೆಯನ್ನು ಹೇರಬಾರದು. ಎರಡನೆಯದು, 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ. ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಆಪರೇಷನ್ ಆದ 1802 ರೋಗಿಗಳನ್ನು ನೋಡಿದ್ದರು. ಬೇರೆಯವರು ಪ್ರಾರ್ಥಿಸಿದ್ದರಿಂದ ತೊಡಕುಗಳು ಕಡಿಮೆಯಾಗಲಿಲ್ಲ. ನಿಮಗಾಗಿ ಪ್ರಾರ್ಥಿಸುತ್ತಿದ್ದಾರೆ ಅಂತ ಖಚಿತವಾಗಿ ತಿಳಿದಿದ್ದವರಲ್ಲಿ 59 ಶೇಕಡಾ ಜನರಿಗೆ ತೊಡಕಾಯಿತು, ಪ್ರಾರ್ಥನೆ ಇದ್ದೂ ಖಚಿತವಾಗಿ ತಿಳಿಯದವರಲ್ಲಿ 52 ಶೇಕಡಾ. ನನ್ನ ನಂಬಿಕೆ ಇದರಿಂದ ಅಲುಗಲಿಲ್ಲ. ರೋಗಿಗಳನ್ನು ಗುಂಪು ಮಾಡಿ ದೇವರನ್ನು ಅಳೆಯಬಹುದು ಅಂತ ನಾನು ಎಂದೂ ಅಂದುಕೊಂಡಿರಲಿಲ್ಲ. ಆದರೆ ಒಂದು ಯೋಚನೆ ಬಂತು. "ನನಗಾಗಿ ಪ್ರಾರ್ಥನೆ ನಡೆಸಿದ್ದಾರೆ ಅಂದರೆ ನನ್ನ ಪರಿಸ್ಥಿತಿ ಅಷ್ಟು ಕೆಟ್ಟಿದೆಯಾ" ಅಂತ ರೋಗಿ ಹೆದರಬಹುದು ಅಲ್ವಾ? ಅದಕ್ಕೇ ಸುಮ್ನೆ ಇರುತ್ತೇನೆ.

ಇನ್ನೊಂದು ವಿಷಯ ಗಟ್ಟಿಯಾಗಿ ಹೇಳಬೇಕು. ಸ್ವಸ್ಥತೆಯ ಪ್ರಾರ್ಥನೆ ಆಗಿದೆ, ಇನ್ನು ಡಯಾಲಿಸಿಸ್ ಬೇಡ ಅಂತ ಕೆಲವು ಮನೆಯವರು ಸರದಿ ಬಿಡಿಸುತ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಂತುಹೋಗಬಹುದು. ಶ್ವಾಸಕೋಶದಲ್ಲಿ ನೀರು ತುಂಬಿ ಮಲಗಲೂ ಆಗದ ಸ್ಥಿತಿ ಬರುತ್ತದೆ. ಸತ್ಯವೇದದಲ್ಲಿ ಹಿಜ್ಕೀಯ ಅರಸ ಸಾಯುವ ಹಾಗಾದಾಗ ಅತ್ತು ಪ್ರಾರ್ಥಿಸಿದ. ದೇವರು ಅವನ ಆಯುಷ್ಯಕ್ಕೆ 15 ವರ್ಷ ಕೂಡಿಸಿದ. ಆದರೂ ಪ್ರವಾದಿ ಯೆಶಾಯ ಹುಣ್ಣಿನ ಮೇಲೆ ಅಂಜೂರದ ಉಂಡೆ ಕಟ್ಟಲು ಹೇಳಿದ. ಪ್ರಾರ್ಥನೆ ಕೇಳಿದ ದೇವರೇ ಔಷಧಿಯನ್ನೂ ಕೊಡಿಸಿದ. ಹಬ್ಬದ ಎಳನೀರು, ರೋಜಾ ಬಿಡುವಾಗಿನ ಖರ್ಜೂರ, ಇವುಗಳಲ್ಲೂ ಪೊಟ್ಯಾಸಿಯಂ ಜಾಸ್ತಿ. ಎಷ್ಟು ಸಾಕು ಅಂತ ಡಾಕ್ಟರನ್ನು ಕೇಳಿ ಅಂತ ಎಲ್ಲ ಧರ್ಮದವರಿಗೂ ಹೇಳುತ್ತೇನೆ.

ನಾನೂ ಅಷ್ಟೇ. ನಿದ್ದೆ ಪೂರ್ತಿ ಹೋದಾಗ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ ಮನೋವೈದ್ಯರನ್ನು ಕಂಡೆ, ಅವರು ಕೊಟ್ಟ ಮಾತ್ರೆ ತೆಗೆದುಕೊಂಡೆ. ಅದರಿಂದ ಹಗಲಿನ ಕೆಲಸ ಸಾಗಿತು. ಆದರೆ ಒಳಗೆ ಗಟ್ಟಿಯಾಗಿ ಕೂತಿದ್ದು ಹಾಗೇ ಇತ್ತು. ಅದಕ್ಕೊಂದು ಮುಖವೂ ಇತ್ತು.

ಅವತ್ತು ರಾತ್ರಿ ಒಂದು ಆಸ್ಪತ್ರೆಯ ಕೌಂಟರಿನಲ್ಲಿ ಕೂತಿದ್ದ ಹುಡುಗ. ನನ್ನ ಮುಖ ನೋಡದೆ "ಬೆಡ್ ಇಲ್ಲ ಮೇಡಂ" ಅಂದವನು. ನಾನೂ ನರ್ಸ್ ಅಂತ ಹೇಳಿದೆ, ಕೈ ಮುಗಿದೆ. ಅವನು ತಲೆ ಎತ್ತಲಿಲ್ಲ. ಎಷ್ಟೋ ರಾತ್ರಿ ಅವನ ಜೊತೆ ಮನಸ್ಸಿನಲ್ಲೇ ಜಗಳವಾಡಿದ್ದೇನೆ. ರೋಗಿಗಳ ಹೆಸರು ಒಂದೊಂದಾಗಿ ಹೇಳುವಾಗ ಒಂದಿನ ಅವನೂ ಸಾಲಿನಲ್ಲಿ ಬಂದು ನಿಂತ. ಓಡಿಸಿದರೂ ಹೋಗಲಿಲ್ಲ. ಅವನ ಹೆಸರು ನನಗೆ ಗೊತ್ತಿಲ್ಲ. ಮೊದಲ ದಿನ "ಕರ್ತನೇ, ಆ ಹುಡುಗ" ಅಂದೆ, ಅಲ್ಲಿಗೇ ನಿಂತಿತು.

ಆದರೆ ಅಷ್ಟೊತ್ತಿಗೆ ನನಗೆ ಒಂದು ಅಭ್ಯಾಸವಾಗಿಬಿಟ್ಟಿತ್ತು. ಯಾರಿಗಾಗಿ ಕೇಳಬೇಕಾದರೂ ಅವರಿಗೆ ಏನು ಬೇಕು ಅಂತ ಮೊದಲು ಯೋಚಿಸುವುದು. ಅವನಿಗೆ ಏನು ಬೇಕಿತ್ತು? ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸಿರಬೇಕು. ಅದೇ ರಾತ್ರಿ ಅದೇ ಮಾತನ್ನು ಇನ್ನೆಷ್ಟು ಜನರಿಗೆ ಹೇಳಿದ್ದನೋ? ಹಾಸಿಗೆ ಅವನ ಕೈಯಲ್ಲಿರಲಿಲ್ಲ. ಇಲ್ಲ ಅನ್ನುವ ಕೆಲಸ ಮಾತ್ರ ಅವನಿಗೆ ಬಿದ್ದಿತ್ತು. ಪ್ರತಿಯೊಬ್ಬರ ಮುಖ ನೋಡಿ ಹೇಳಿದ್ದರೆ ಬೆಳಗಿನವರೆಗೆ ಅಲ್ಲಿ ಕೂರಲು ಅವನಿಂದ ಆಗುತ್ತಿತ್ತೇ? ನನ್ನ ಹಾಗೆ ಅವನಿಗೂ ನಿದ್ದೆ ಬರುತ್ತಿರಲಿಕ್ಕಿಲ್ಲ. ಹಾಗಾಗಿ "ಅವನಿಗೆ ನಿದ್ದೆ ಬರಲಿ" ಅಂತ ಕೇಳಲು ಶುರು ಮಾಡಿದೆ. ಮೊದಮೊದಲು ತುಟಿ ಮಾತ್ರ ಕೇಳುತ್ತಿತ್ತು, ಮನಸ್ಸು ಕೇಳುತ್ತಿರಲಿಲ್ಲ. ಕೇಳುತ್ತಾ ಕೇಳುತ್ತಾ ಮನಸ್ಸೂ ಕೇಳಿತು. ನನ್ನ ನಿದ್ದೆ ತಿರುಗಿ ಬಂದದ್ದೂ ಆ ದಿನಗಳಲ್ಲೇ.

ಯೋಬನ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಮಕ್ಕಳು, ದನಕರು, ಆರೋಗ್ಯ ಎಲ್ಲ ಕಳೆದುಕೊಂಡವನು. ನಿನ್ನ ಪಾಪದಿಂದಲೇ ಹೀಗಾಯಿತು ಅಂತ ಮೂವರು ಸ್ನೇಹಿತರು ಅವನನ್ನು ಜರೆದರು. ಕೊನೆಯ ಅಧ್ಯಾಯದಲ್ಲಿ, 42ರ 10ನೇ ವಚನದಲ್ಲಿ, ದೇವರು ಅವನ ದುಸ್ಥಿತಿಯನ್ನು ತಪ್ಪಿಸುವುದು ಅವನು ಆ ಸ್ನೇಹಿತರಿಗಾಗಿ ಪ್ರಾರ್ಥಿಸಿದಾಗ. ಈ ವಚನದ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ನನಗೆ ಅದು ಅರ್ಥವಾದದ್ದು ಡಯಾಲಿಸಿಸ್ ಯೂನಿಟ್‌ನಲ್ಲಿ, ಆ ಕೌಂಟರಿನ ಹುಡುಗನಿಂದ.

ಪೂರ್ತಿ ವಾಸಿಯಾಗಿದ್ದೇನೆ ಅಂತ ಹೇಳಲಾರೆ. ಮೇ ತಿಂಗಳು ಈಗಲೂ ಕಷ್ಟ. ಆದರೆ ಸಭೆಯಲ್ಲಿ ಗೀತೆ ಹಾಡಲು ಬರುತ್ತದೆ. ಆಕ್ಸಿಜನ್ ಬಾಟಲಿ ನಾನೇ ಜೋಡಿಸುತ್ತೇನೆ. ಖಾಲಾ ತೀರಿಕೊಂಡಾಗ ಅಳು ಬಂತು, ಅತ್ತೆ. ಅದಕ್ಕೂ ಹಿಂದೆ ಎಷ್ಟೋ ದಿನ ಅಳುವೇ ಬರುತ್ತಿರಲಿಲ್ಲ.

ಮೊನ್ನೆ ಹೊಸ ಹುಡುಗಿಯೊಬ್ಬಳು ಕೇಳಿದಳು, "ಅಕ್ಕಾ, ನನಗೆ ದೇವರಲ್ಲಿ ಅಷ್ಟು ನಂಬಿಕೆ ಇಲ್ಲ. ನಾನೇನು ಮಾಡಲಿ?" ಅವಳಿಗೆ ನಮ್ಮ ಕೆಲಸದ ನಿಯಮವನ್ನೇ ಹೇಳಿದೆ. ಒಬ್ಬರ ಡಯಲೈಸರನ್ನು, ಅಂದರೆ ರಕ್ತ ಸೋಸುವ ಫಿಲ್ಟರನ್ನು, ತೊಳೆದು ಅವರಿಗೇ ಮತ್ತೆ ಬಳಸುತ್ತೇವೆ, ಹಾಗಾಗಿ ಅದರ ಮೇಲೆ ಹೆಸರು ಬರೆದಿರುತ್ತದೆ. ಜೋಡಿಸುವ ಮುಂಚೆ ಆ ಹೆಸರನ್ನು ಗಟ್ಟಿಯಾಗಿ ಓದಬೇಕು, ರೋಗಿಯಿಂದಲೂ ಹೇಳಿಸಬೇಕು. ಅದಲುಬದಲಾಗದಿರಲಿ ಅಂತ ಮಾಡಿದ ನಿಯಮ ಅದು. "ಹೆಸರು ಓದಿದ ಮೇಲೆ ಕೂಡಲೇ ಮುಂದಕ್ಕೆ ಹೋಗಬೇಡ. ಅವರಿಗೆ ಇವತ್ತು ಏನು ಬೇಕು ಅಂತ ಒಂದು ಮಾತು ಕೇಳು. ಉಳಿದದ್ದು ಆಮೇಲೆ ನೋಡೋಣ" ಅಂದೆ. ಈಗ ಅವಳು ಕೇಳುತ್ತಾಳೆ. ಅಣ್ಣಿಗೇರಿಯಿಂದ ಬರುವ ಕಾಕಾನ ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ, ಸೈನ್ಸ್ ತೆಗೆದುಕೊಳ್ಳಬೇಕು ಅಂತ ಹಟ ಹಿಡಿದಿದ್ದಾಳೆ, ಫೀಸಿನ ಚಿಂತೆಯಲ್ಲಿ ಕಾಕಾಗೆ ಬಿಪಿ ಏರಿದೆ ಅಂತ ಆ ಹೊಸ ಹುಡುಗಿಯೇ ಬಂದು ಹೇಳಿದಳು. ಸ್ಕಾಲರ್‌ಶಿಪ್ ಅರ್ಜಿ ಎಲ್ಲಿ ಹಾಕಬೇಕು ಅಂತ ನಾವಿಬ್ಬರೂ ಈಗ ಹುಡುಕುತ್ತಿದ್ದೇವೆ.