ದಿನ ಅಂದರೆ ಯಾವಾಗಿನಿಂದ ಯಾವಾಗಿನವರೆಗೆ?

ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿ ಬಿಸಿನೆಸ್ ಅನಲಿಸ್ಟ್ ಆಗಿದ್ದೇನೆ. ಗ್ರಾಹಕರ ಹತ್ತಿರ ಹೋಗಿ, ಅವರಿಗೆ ಏನು ಬೇಕು ಅಂತ ಕೇಳಿ, ಅದನ್ನು ಬರೆದು ಕೋಡ್ ಮಾಡುವವರಿಗೆ ತಲುಪಿಸುವುದು ನನ್ನ ಕೆಲಸ. ರಿಕ್ವೈರ್‌ಮೆಂಟ್ ಅಂತ ನಾವು ಕರೆಯುವುದು ಇದನ್ನೇ. ಮಾತೇ ನನ್ನ ಕಸುಬು, ಅದು ನನಗೆ ಚೆನ್ನಾಗಿ ಬರುತ್ತದೆ ಅಂತ ನಂಬಿದ್ದೆ. ಆ ನಂಬಿಕೆ ಅಲ್ಲಾಡಿದ್ದು ಒಂದು ಹಳ್ಳಿ ಡೈರಿಯಲ್ಲಿ, "ದಿನ" ಅನ್ನುವ ಎರಡಕ್ಷರದ ಪದದಿಂದ.

ಮಂಡ್ಯ ಕಡೆ ಹಾಲು ಉತ್ಪಾದಕರ ಸಂಘವೊಂದಕ್ಕೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡಬೇಕಿತ್ತು. ಊರಲ್ಲಿ ಯಾರೂ ಸಂಘ ಅನ್ನುವುದಿಲ್ಲ, ಡೈರಿ ಅಂತಲೇ ಅನ್ನುವುದು. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಜನ ಹಾಲು ಹಾಕುತ್ತಾರೆ. ಹಾಲು ಅಳೆದು, ಸ್ವಲ್ಪ ಸ್ಯಾಂಪಲ್ ತೆಗೆದು ಮೆಷಿನ್‌ಗೆ ಹಿಡಿದರೆ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ತೋರಿಸುತ್ತದೆ. ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ. ಅದರ ಮೇಲೆ ಲೀಟರಿಗೆ ರೇಟು ಬೀಳುತ್ತದೆ. ವಾರಕ್ಕೊಂದು ಸಲ ಬಟವಾಡೆ. ಪಶು ಆಹಾರ ಸಾಲಕ್ಕೆ ತಗೊಂಡಿದ್ದರೆ ಅದನ್ನು ಹಿಡಿದುಕೊಂಡು ಉಳಿದ ದುಡ್ಡು ಕೊಡುತ್ತಾರೆ. ಇಷ್ಟು ವರ್ಷ ಇದೆಲ್ಲಾ ದೊಡ್ಡ ಉದ್ದ ರಿಜಿಸ್ಟರ್‌ನಲ್ಲಿ ನಡೆದಿತ್ತು.

ಕಾರ್ಯದರ್ಶಿ ಹಳೇ ಅನುಭವಿ. ಮೊದಲ ಸಲ ಹೋದಾಗ ರಿಜಿಸ್ಟರ್ ಬಿಚ್ಚಿ ತೋರಿಸಿದರು, ಕಾಫಿ ಕುಡಿಸಿದರು. ನಾನು ಮೊಬೈಲ್‌ನಲ್ಲಿ ಎರಡು ಫೋಟೊ ತೆಗೆದುಕೊಂಡು ಬಂದೆ. ಒಂದು ಗಂಟೆಯ ಭೇಟಿ ಅಷ್ಟೇ. ಮಿಕ್ಕಿದ್ದೆಲ್ಲಾ ವಿಡಿಯೊ ಮೀಟಿಂಗ್‌ನಲ್ಲಿ. ನಮ್ಮ ಟೀಮಿನಲ್ಲಿ ಕನ್ನಡ ಬಾರದವರೂ ಇದ್ದರು, ಹಾಗಾಗಿ ಮೀಟಿಂಗ್ ಇಂಗ್ಲಿಷ್‌ನಲ್ಲಿ. ನಡುನಡುವೆ ನಾನು ಕನ್ನಡದಲ್ಲಿ "ಸರಿ ಇದೆಯಾ ಅಣ್ಣಾ?" ಅಂತ ಕೇಳುತ್ತಿದ್ದೆ. ಅವರು ಪ್ರತಿ ಸಲವೂ "ಸರಿ ಮೇಡಂ" ಅನ್ನುತ್ತಿದ್ದರು. ಕೊನೆಗೆ 42 ಪುಟದ ಇಂಗ್ಲಿಷ್ ದಾಖಲೆ ಕಳಿಸಿದೆವು. ಅವರು ಕೊನೇ ಪುಟದಲ್ಲಿ ಕನ್ನಡದಲ್ಲಿ ಸಹಿ ಹಾಕಿ ಕಳಿಸಿದರು. ಆ ಸಹಿ ನೋಡಿದಾಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಒಂದು ಭಾನುವಾರ ಬೆಳಿಗ್ಗೆಯ ಹಾಲಿನಿಂದ ಸಾಫ್ಟ್‌ವೇರ್ ಶುರುವಾಯಿತು. ಮಂಗಳವಾರ ಕಾರ್ಯದರ್ಶಿ ಫೋನ್ ಮಾಡಿದರು. ಸಂಜೆ ಬರೆದದ್ದನ್ನು ಬೆಳಿಗ್ಗೆ ತಿದ್ದೋಕೆ ಆಗುತ್ತಿಲ್ಲ ಅಂತ. ಅದೇ ದಿನದೊಳಗೆ ಮಾತ್ರ ತಿದ್ದಬಹುದು ಅಂತ ದಾಖಲೆಯಲ್ಲಿತ್ತು, ರಾತ್ರಿ ಹನ್ನೆರಡಕ್ಕೆ ಎಂಟ್ರಿ ಲಾಕ್ ಆಗುತ್ತಿತ್ತು. ಗುರುವಾರ ಮತ್ತೆ ಫೋನ್. ಟ್ಯಾಂಕರ್‌ನವರು ಕೊಡುವ ಚೀಟಿಗೂ ನಮ್ಮ ದಿನದ ಮೊತ್ತಕ್ಕೂ ತಾಳೆ ಬರುತ್ತಿಲ್ಲ ಅಂದರು. ಎರಡನ್ನೂ ಬರೆದುಕೊಂಡು, "ಬಳಸುವವರಿಗೆ ಇನ್ನೊಂದು ತರಬೇತಿ ಬೇಕು" ಅಂತ ಬರೆದು ನಾನೇ ಟಿಕೆಟ್, ಅಂದರೆ ಆ ದೂರಿನ ದಾಖಲೆ, ಮುಚ್ಚಿದೆ. ಇವತ್ತಿಗೂ ನನಗೆ ಜಾಸ್ತಿ ನೋವಾಗುವುದು ಆ ಸಾಲು ನೆನೆದಾಗಲೇ. ಆ ಮನುಷ್ಯ ಎರಡು ಸಲ ಹೇಳಿದ್ದರು. ನಾನು ಎರಡು ಸಲವೂ ಕೇಳಿಸಿಕೊಂಡಿದ್ದೆ, ಕೇಳಿಸಿಕೊಂಡು ಅವರಿಗೇ ಪಾಠ ಹೇಳಲು ಹೊರಟಿದ್ದೆ.

ಮೊದಲ ಬಟವಾಡೆ ಸೋಮವಾರ. ನಾನೂ ಹೋಗಿದ್ದೆ. ಡೈರಿ ಮುಂದೆ ಕ್ಯೂ ನಿಂತಿತ್ತು. ವಯಸ್ಸಾದ ಒಬ್ಬ ಅಜ್ಜಿ ನಮ್ಮ ಪ್ರಿಂಟರ್‌ನ ಚೀಟಿ ಇಸಕೊಂಡು, ಸೊಂಟದಿಂದ ತಮ್ಮ ಹಾಲಿನ ಕಾರ್ಡ್ ತೆಗೆದು, ಎರಡನ್ನೂ ಕಟ್ಟೆ ಮೇಲೆ ಪಕ್ಕಪಕ್ಕ ಇಟ್ಟು ಬೆರಳಲ್ಲಿ ಒಂದೊಂದೇ ಸಾಲು ಹಿಡಿದು ನೋಡಿದರು. ಆಮೇಲೆ ನನ್ನನ್ನು ಕರೆದು, "ಶನಿವಾರ ಸಂಜೆ ನಾಲ್ಕೂವರೆ ಲೀಟ್ರು ಹಾಕಿದ್ನಲ್ಲವ್ವಾ, ಇದ್ರಲ್ಲಿ ಎಲ್ಲೈತೆ?" ಅಂದರು. ಚೀಟಿಯಲ್ಲಿ ಶನಿವಾರ ಸಂಜೆ ಇತ್ತು. ತೋರಿಸಿದೆ. "ಅದು ಮೊನ್ನೇದು. ನಾನ್ ಕೇಳ್ತಿರೋದು ಅದ್ರ ಹಿಂದಿನ ಶನಿವಾರದ್ದು" ಅಂದರು.

ಆಗ ಕಾರ್ಯದರ್ಶಿ ಬಂದು ನಿಧಾನವಾಗಿ ಕೇಳಿದರು. "ಮೇಡಂ, ನಮ್ಮಲ್ಲಿ ದಿನ ಶುರುವಾಗೋದೇ ಸಂಜೆ ಹಾಲಿಂದ ಅಲ್ವಾ?"

ಅವರ ಡೈರಿಯಲ್ಲಿ ಸಂಜೆ ಹಾಲು ಶೀತಲೀಕರಣದ ಟ್ಯಾಂಕ್‌ಗೆ ಹೋಗುತ್ತದೆ. ಮರುದಿನ ಬೆಳಗಿನ ಹಾಲೂ ಅದರ ಮೇಲೇ ಬೀಳುತ್ತದೆ. ಆಮೇಲೆ ಟ್ಯಾಂಕರ್ ಬಂದು ಎರಡನ್ನೂ ಒಟ್ಟಿಗೆ ತಗೊಂಡು ಹೋಗುತ್ತದೆ. ಹಾಗಾಗಿ ಸಂಜೆ ಮತ್ತು ಮರುದಿನ ಬೆಳಿಗ್ಗೆ ಸೇರಿ ಅವರಿಗೆ ಒಂದು ದಿನ. ವಾರ ಅಂದರೆ ಶನಿವಾರ ಸಂಜೆಯಿಂದ ಮುಂದಿನ ಶನಿವಾರ ಬೆಳಿಗ್ಗೆವರೆಗೆ. ಹಳೇ ರಿಜಿಸ್ಟರ್‌ನ ಕೊನೇ ಬಟವಾಡೆ ಶನಿವಾರ ಬೆಳಿಗ್ಗೆಗೆ ಮುಗಿದಿತ್ತು, ನಮ್ಮ ಲೆಕ್ಕ ಭಾನುವಾರ ಬೆಳಿಗ್ಗೆ ಶುರುವಾಯಿತು, ನಡುವಿನ ಆ ಒಂದು ಸಂಜೆಯ ಹಾಲು, ಇಡೀ ಊರಿನದು, ಎರಡೂ ಬಟವಾಡೆಗಳಲ್ಲಿ ಸೇರಿರಲಿಲ್ಲ. ನಮ್ಮ ಟೆಸ್ಟಿಂಗ್‌ನಲ್ಲಿ ಇದು ಯಾಕೆ ಸಿಗಲಿಲ್ಲ ಅಂದರೆ ಅವರ ವಾರದಲ್ಲೂ 14 ಹೊತ್ತು, ನಮ್ಮ ವಾರದಲ್ಲೂ 14 ಹೊತ್ತು. ಎಣಿಕೆ ಸರಿಯಾಗೇ ಇತ್ತು.

ಆ ರಾತ್ರಿ ಕೂತು ಹಳೇ ರಿಜಿಸ್ಟರ್‌ನಿಂದ ಆ ಸಂಜೆಯ ಎಂಟ್ರಿಗಳನ್ನೆಲ್ಲಾ ಹಾಕಿದೆವು. ಕಾರ್ಯದರ್ಶಿ ಓದುತ್ತಾ ಹೋದರು, ನಾನು ಟೈಪ್ ಮಾಡಿದೆ. ದುಡ್ಡು ಮರುದಿನ ಎಲ್ಲರಿಗೂ ಸಿಕ್ಕಿತು. ಆದರೆ ಕೋಡಿನಲ್ಲಿ ದಿನ ಬದಲಾಗುವ ಲೆಕ್ಕ 23 ಕಡೆ ಇತ್ತು, ಅದನ್ನೆಲ್ಲಾ ಸರಿ ಮಾಡಲು ತಿಂಗಳ ಮೇಲೆ ಹಿಡಿಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಮೊಬೈಲ್ ತೆಗೆದು ಮೊದಲ ಭೇಟಿಯ ಫೋಟೊ ನೋಡಿದೆ. ರಿಜಿಸ್ಟರ್‌ನಲ್ಲಿ ಪ್ರತಿ ತಾರೀಖಿನ ಕೆಳಗೆ ಎರಡು ಕಾಲಂ. ಎಡಗಡೆ "ಸಂಜೆ", ಬಲಗಡೆ "ಬೆಳಿಗ್ಗೆ". ಇಷ್ಟು ದಿನವೂ ಅದು ನನ್ನ ಜೇಬಿನಲ್ಲೇ ಇತ್ತು. ನಾವು ಸ್ಕ್ರೀನ್ ಮಾಡುವಾಗ ಬೆಳಿಗ್ಗೆಯನ್ನು ಮೊದಲು ಹಾಕಿದ್ದೆವು, ಯಾಕೆ ಅಂತ ಯಾರೂ ಕೇಳಿರಲಿಲ್ಲ. ಬೆಳಿಗ್ಗೆ ತಾನೇ ಮೊದಲು ಬರುವುದು!

ಆಫೀಸಿನಲ್ಲಿ ಇದನ್ನು ಹೇಳುತ್ತಿದ್ದಾಗ ಹೊಸದಾಗಿ ಸೇರಿದ್ದ ಹುಡುಗನೊಬ್ಬ ಸುಮ್ಮನೆ ತಲೆ ತಗ್ಗಿಸಿಕೊಂಡು ಕೂತಿದ್ದ. ಚನ್ನರಾಯಪಟ್ಟಣ ಕಡೆಯವನು. ಆಮೇಲೆ ಒಬ್ಬನೇ ಬಂದು, "ಮೇಡಂ, ನಮ್ಮೂರ ಡೈರೀಲೂ ಸಂಜೆಯಿಂದಾನೇ ಲೆಕ್ಕ. ಮನೇಲಿ ಎರಡು ಹಸು ಇವೆ, ಚಿಕ್ಕವನಿದ್ದಾಗ ನಾನೇ ಹಾಲು ಹಾಕೋಕೆ ಹೋಗ್ತಿದ್ದೆ. ನಿಮಗೆ ಗೊತ್ತಿರುತ್ತೆ ಅಂದುಕೊಂಡೆ" ಅಂದ. ಕಾರ್ಯದರ್ಶಿಯೂ ಅದನ್ನೇ ಅಂದಿದ್ದರು, ನಿಮಗೆ ಗೊತ್ತಿರುತ್ತೆ ಅಂದುಕೊಂಡೆ ಅಂತ. ನಾನೂ ಅವರಿಗೆ ಗೊತ್ತಿರುತ್ತೆ ಅಂತಲೇ ದಾಖಲೆ ಕಳಿಸಿದ್ದೆ. ನಮಗೆ ಬೇಕಾಗಿದ್ದ ಉತ್ತರ ನನ್ನಿಂದ ಎರಡು ಮೇಜು ಆಚೆ ಕೂತಿತ್ತು.

ಆಮೇಲೆ ಓದಲು ಶುರು ಮಾಡಿದೆ. ಇದು ನನ್ನೊಬ್ಬಳದೇ ತಪ್ಪಾ, ಎಲ್ಲಾ ಕಡೆ ಹೀಗೇನಾ ಅಂತ ತಿಳಿಯಬೇಕಿತ್ತು. 1988ರಲ್ಲೇ ಬಿಲ್ ಕರ್ಟಿಸ್, ಹರ್ಬ್ ಕ್ರಾಸ್ನರ್, ನೀಲ್ ಇಸ್ಕೋ ಅನ್ನುವ ಸಂಶೋಧಕರು 17 ದೊಡ್ಡ ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಜನರನ್ನು ಮಾತಾಡಿಸಿ ಬರೆದಿದ್ದಾರೆ. ಅವರು ಕಂಡ ಮೂರು ದೊಡ್ಡ ತೊಂದರೆಗಳಲ್ಲಿ ಮೊದಲನೆಯದು, ಸಾಫ್ಟ್‌ವೇರ್ ಯಾವ ಕ್ಷೇತ್ರಕ್ಕೋ ಆ ಕ್ಷೇತ್ರದ ತಿಳಿವಳಿಕೆ ಟೀಮಿನಲ್ಲಿ ತೀರಾ ತೆಳ್ಳಗೆ ಹರಡಿರುತ್ತದೆ ಅನ್ನುವುದು. ಮಿಕ್ಕ ಎರಡು, ಬದಲಾಗುತ್ತಾ ಒಂದಕ್ಕೊಂದು ಹೊಡೆದಾಡುವ ರಿಕ್ವೈರ್‌ಮೆಂಟುಗಳು ಮತ್ತು ಮಾತುಕತೆ ಮುರಿದು ಬೀಳುವುದು. ನಮ್ಮ ಟೀಮಿನಲ್ಲಿ ಡೈರಿ ತಿಳಿದಿದ್ದವನು ಒಬ್ಬನೇ, ಅವನೂ ಎಲ್ಲರಿಗಿಂತ ಕಿರಿಯ. ತೆಳ್ಳಗೆ ಅಂದರೆ ಏನು ಅಂತ ನನಗೆ ಅವನ ಮುಖ ನೋಡಿಯೇ ಅರ್ಥವಾಗಿತ್ತು.

2017ರಲ್ಲಿ ಪ್ರಕಟವಾದ, 10 ದೇಶಗಳ 228 ಕಂಪನಿಗಳನ್ನು ಕೇಳಿ ಮಾಡಿದ ಸಮೀಕ್ಷೆಯೊಂದಿದೆ. ನೇಪಿರೆ ಅಂತ ಅದರ ಹೆಸರು, ರಿಕ್ವೈರ್‌ಮೆಂಟ್ ಕೆಲಸದಲ್ಲಿ ಎಲ್ಲೆಲ್ಲಿ ನೋವಿದೆ ಅಂತ ಪಟ್ಟಿ ಮಾಡುವುದೇ ಅದರ ಉದ್ದೇಶ. ಆ ಪಟ್ಟಿಯ ತಲೆಯಲ್ಲಿರುವುದು ಅರ್ಧಂಬರ್ಧ ಇರುವ, ಅಥವಾ ಯಾರೂ ಬಾಯಿಬಿಟ್ಟು ಹೇಳದೆ ಒಳಗೇ ಉಳಿದ ರಿಕ್ವೈರ್‌ಮೆಂಟ್. ಅದರ ಬೆನ್ನಿಗೇ, ಟೀಮಿಗೂ ಗ್ರಾಹಕರಿಗೂ ನಡುವಿನ ಮಾತುಕತೆಯ ಕೊರತೆ. ಎರಡೂ ಬೇರೆಬೇರೆ ಅಂತ ನನಗೆ ಅನ್ನಿಸುವುದಿಲ್ಲ. ಎರಡನೆಯದರ ಹೊಟ್ಟೆಯಲ್ಲೇ ಮೊದಲನೆಯದು ಹುಟ್ಟುತ್ತದೆ.

ನನ್ನ ಕಣ್ಣು ತೆರೆಸಿದ್ದು ಮಾತ್ರ ಇನ್ನೊಂದು. ಅಲೆಸ್ಸಿಯೊ ಫೆರಾರಿ ಮತ್ತು ಜೊತೆಗಾರರು 2016ರಲ್ಲಿ ಬರೆದದ್ದು. ಗ್ರಾಹಕ ಮತ್ತು ಅನಲಿಸ್ಟ್ ನಡುವಿನ 34 ಮಾತುಕತೆಗಳನ್ನು ಇಟ್ಟುಕೊಂಡು, ಎಲ್ಲೆಲ್ಲಿ ಅರ್ಥ ಮಸುಕಾಗುತ್ತದೆ ಅಂತ ನೋಡಿದ್ದಾರೆ. ಕೆಲವು ಸಲ ಮಾತು ಅರ್ಥವೇ ಆಗುವುದಿಲ್ಲ. ಅದು ಪರವಾಗಿಲ್ಲ, ಅರ್ಥವಾಗದಿದ್ದರೆ ಕೇಳುತ್ತೇವೆ. ಹಾಗೆ ಕೇಳುವಾಗಲೇ ಗ್ರಾಹಕರು ಹೇಳದೆ ಬಿಟ್ಟಿದ್ದೆಲ್ಲಾ ಹೊರಗೆ ಬರುತ್ತದೆ, ಹಾಗಾಗಿ ಮಸುಕಾದ ಮಾತು ಒಂದು ಸುಳಿವೂ ಹೌದು ಅನ್ನುತ್ತಾರೆ ಅವರು. ಕಷ್ಟ ಇರುವುದು ಇನ್ನೊಂದು ಬಗೆಯಲ್ಲಿ. ಕೇಳುವವರಿಗೆ ಒಂದು ಅರ್ಥ ಹೊಳೆಯುತ್ತದೆ, ಅದು ಸರಿಯಾಗೇ ಕಾಣುತ್ತದೆ, ಆದರೆ ಹೇಳಿದವರ ಮನಸ್ಸಿನಲ್ಲಿದ್ದದ್ದು ಬೇರೆ. ಅಲ್ಲಿ ಅನುಮಾನವೇ ಬರುವುದಿಲ್ಲ. ನನ್ನ "ದಿನ" ಈ ಜಾತಿಯದು. ಎಸ್‌ಎನ್‌ಎಫ್ ಅಂದರೆ ಏನು ಅಂತ ಹತ್ತು ಸಲ ಕೇಳಿದ್ದೆ, ಯಾಕೆಂದರೆ ನನಗೆ ಅದು ಗೊತ್ತಿರಲಿಲ್ಲ. ದಿನ ಅಂದರೆ ಏನು ಅಂತ ಯಾರು ಕೇಳುತ್ತಾರೆ?

ನಮ್ಮ ಕಡೆ ಕೆಲಸದ ಜಾಹೀರಾತುಗಳಲ್ಲಿ ಕಮ್ಯುನಿಕೇಷನ್ ಸ್ಕಿಲ್ ಬೇಕು ಅಂತ ತಪ್ಪದೆ ಹಾಕುತ್ತಾರೆ. ನಾನು ಕಂಡ ಹೆಚ್ಚಿನ ಕಡೆ ಅದರ ಅರ್ಥ ಇಂಗ್ಲಿಷ್ ಸರಾಗವಾಗಿ ಬರಬೇಕು ಅಂತ. ತರಬೇತಿಯಲ್ಲೂ ಮೇಲ್ ಹೇಗೆ ಬರೆಯಬೇಕು, ಪ್ರೆಸೆಂಟೇಶನ್ ಹೇಗೆ ಕೊಡಬೇಕು ಅಂತ ಹೇಳಿಕೊಡುತ್ತಾರೆ. ಕೇಳುವುದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಆ ಕಾರ್ಯದರ್ಶಿ ಇಂಗ್ಲಿಷ್ ಮೀಟಿಂಗ್‌ನಲ್ಲಿ "ಸರಿ ಮೇಡಂ" ಅಂದದ್ದು ಒಪ್ಪಿಗೆಗಲ್ಲ, ಕೇಳಿಸುತ್ತಿದೆ ಅನ್ನುವುದಕ್ಕೆ. ಅಷ್ಟು ಜನರ ಮುಂದೆ ಮಾತು ತಡೆದು "ಅದು ಹಾಗಲ್ಲ" ಅನ್ನುವುದು ಅವರಿಗೆ ಸುಲಭವಿರಲಿಲ್ಲ. ಅವರದೇ ಊರಿನ, ಅವರದೇ ಮಾತಿನ ಲೆಕ್ಕವನ್ನು ಅವರಿಗೆ ಬಾರದ ಭಾಷೆಯಲ್ಲಿ ಬರೆದು ಸಹಿ ಹಾಕಿಸಿಕೊಂಡದ್ದು ಅನ್ಯಾಯ ಅಂತಲೇ ನಾನು ಈಗ ಹೇಳುತ್ತೇನೆ.

ಆ ಹುಡುಗ ಮಾತಾಡದೆ ಉಳಿದದ್ದರ ಬಗ್ಗೆಯೂ ಓದಿದೆ. 2008ರಲ್ಲಿ ಆಂಡ್ರ್ಯೂ ಬೆಗೆಲ್ ಮತ್ತು ಬೆತ್ ಸೈಮನ್ ಮೈಕ್ರೋಸಾಫ್ಟ್‌ನಲ್ಲಿ ಹೊಸದಾಗಿ ಸೇರಿದ 8 ಜನರ ಜೊತೆಗಿದ್ದು, ಅವರ ಕೆಲಸದ ದಿನಗಳನ್ನು ಹತ್ತಿರದಿಂದ ನೋಡಿ ಬರೆದಿದ್ದಾರೆ. ಹೊಸಬರು ತಿಣುಕುವುದು ಕೋಡ್ ಬರೆಯುವುದರಲ್ಲಿ ಮಾತ್ರ ಅಲ್ಲ. ಯಾರನ್ನು, ಯಾವಾಗ, ಹೇಗೆ ಕೇಳುವುದು ಅನ್ನುವುದರಲ್ಲೂ. ಇದನ್ನು ಅವನಿಗೆ ಹೇಳಿದೆ. ಅದಕ್ಕಿಂತ ಮುಖ್ಯವಾಗಿ, ಈಗ ಪ್ರತಿ ಮೀಟಿಂಗ್‌ನಲ್ಲಿ ಮೊದಲು ಕಿರಿಯರೇ ಮಾತಾಡಲಿ, ಹಿರಿಯರು ಕೊನೆಗೆ ಅಂತ ಮಾಡಿದ್ದೇವೆ. ಹಿರಿಯರು ಒಂದು ಸಲ ಬಾಯಿ ತೆರೆದರೆ ಮುಗಿಯಿತು, ಆಮೇಲೆ ಬೇರೆ ಅಭಿಪ್ರಾಯ ಬರುವುದೇ ಇಲ್ಲ.

ನನ್ನ ಕೆಲಸದ ಕ್ರಮವೂ ಬದಲಾಗಿದೆ. "ನಿಮಗೆ ಏನು ಬೇಕು" ಅಂತ ಈಗ ಕೇಳುವುದಿಲ್ಲ. "ಹೋದ ವಾರದ ಬಟವಾಡೆ ಹೇಗೆ ಮಾಡಿದಿರಿ, ಮೊದಲಿನಿಂದ ಹೇಳಿ" ಅಂತ ಕೇಳುತ್ತೇನೆ. ಆಗ ಜನ ನಿಯಮ ಹೇಳುವುದಿಲ್ಲ, ನಡೆದದ್ದನ್ನು ಹೇಳುತ್ತಾರೆ, ಮತ್ತು ನಡೆದದ್ದರಲ್ಲಿ "ಅವತ್ತು ಕರೆಂಟ್ ಹೋಗಿತ್ತು, ಹಾಗಾಗಿ..." ಅನ್ನುವಂಥ, ಯಾವ ದಾಖಲೆಗೂ ಬಾರದ ಎಷ್ಟೋ ವಿಷಯ ಇರುತ್ತದೆ. ಒಂದು ಇಡೀ ಪಾಳಿ ಅಲ್ಲೇ ಕೂರುತ್ತೇನೆ. ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಟೆಸ್ಟರ್‌ನ್ನೂ ಕರೆದುಕೊಂಡು ಹೋಗುತ್ತೇನೆ. ಬಟವಾಡೆಯನ್ನು ಬಟವಾಡೆ ಅಂತಲೇ ಬರೆಯುತ್ತೇವೆ, ಕೋಡಿನಲ್ಲೂ ಅದೇ ಹೆಸರು. ಬೇರೆ ಹೆಸರು ಇಟ್ಟ ತಕ್ಷಣ ಅರ್ಥ ಸ್ವಲ್ಪ ಜರುಗುತ್ತದೆ. ಸಹಿ ಹಾಕಿಸುವ ಮೊದಲು ಖಾಲಿ ಹಾಳೆ ಕೊಟ್ಟು, ಹತ್ತು ಜನರ ಒಂದು ವಾರದ ಲೆಕ್ಕ ಕೈಯಲ್ಲೇ ಬರೆದು ತೋರಿಸಿ ಅನ್ನುತ್ತೇನೆ. ಆ ಹಾಳೆಯೇ ನಮಗೆ ಟೆಸ್ಟ್ ಕೇಸ್, ಅಂದರೆ ಸಾಫ್ಟ್‌ವೇರ್ ಲೆಕ್ಕ ಸರಿಯಾ ಅಂತ ತಾಳೆ ನೋಡುವ ಮಾದರಿ. ಇದಕ್ಕೆಲ್ಲಾ ಸಮಯ ಜಾಸ್ತಿ ಹಿಡಿಯುತ್ತದೆ, ಮ್ಯಾನೇಜರ್ ಹತ್ತಿರ ವಾದ ಮಾಡಬೇಕಾಗುತ್ತದೆ. ಮಾಡುತ್ತೇನೆ. ಕಟ್ಟೆ ಮೇಲೆ ಬೆರಳಿಟ್ಟು ನಾಲ್ಕೂವರೆ ಲೀಟರ್ ಹುಡುಕುತ್ತಿದ್ದ ಅಜ್ಜಿಯ ಕೈ ಕಣ್ಣ ಮುಂದೆ ಬರುತ್ತದೆ.

ಈಗ ಮಲೆನಾಡಿನ ಒಂದು ಅಡಿಕೆ ಮಂಡಿಯ ಕೆಲಸ ನಡೆಯುತ್ತಿದೆ. ಹೋದ ವಾರ ಅಲ್ಲಿ ಕೂತಿದ್ದಾಗ ಯಜಮಾನರು "ಇವತ್ತು ಅರವತ್ತು ಮೂಟೆ ಬಂದಿದೆ" ಅಂದರು. ನಾನು ಬರೆದುಕೊಂಡೆ. ಪಕ್ಕದಲ್ಲಿದ್ದ ಚನ್ನರಾಯಪಟ್ಟಣದ ಹುಡುಗ ಕೇಳಿದ. "ಸರ್, ಮೂಟೆ ತೂಕ ಅಂದರೆ ಚೀಲದ ತೂಕ ಕಳೆದದ್ದಾ, ಕಳೆಯದೇ ಇರೋದಾ?" ಯಜಮಾನರು ಕಳೆದದ್ದು ಅಂದರು. ಗುಮಾಸ್ತರು ಕಳೆಯದೇ ಇರೋದು ಅಂದರು. ತೂಕ ಹಾಕುವವರು ತಕ್ಕಡಿ ಬಿಟ್ಟು ಎದ್ದು ಬಂದು, "ಒದ್ದೆ ಚೀಲ ಆದರೆ ಬೇರೆ" ಅಂದರು. ಮಧ್ಯಾಹ್ನ ಊಟದವರೆಗೂ ಮಾತು ಮೂಟೆ ಬಿಟ್ಟು ಮುಂದಕ್ಕೆ ಹೋಗಲಿಲ್ಲ.